ಎರಡು ತೆನೆ

ಗುರ್ಕಾರ ಮಾರ್ಸೆಲ್ ಮಾಮ ಬಂದಿದ್ದರು, ಮಳೆ ಬಿಟ್ಟ ಸಂಜೆ,
ಕಂಕುಳಲ್ಲಿ ವಾಡೊದ ಪುಸ್ತಕ, ಕಿವಿಯ ಮೇಲೆ ಪೆನ್ನು.
ಚಹಾ ಬೇಡ ಅಂದರು, ಆಮೇಲೆ ಎರಡು ಗ್ಲಾಸು ಕುಡಿದರು.
'ಮನೆಯ ಯಜಮಾನ' ಎಂದಿದ್ದ ಕಡೆ
ಪೆನ್ನು ನಿಂತಿತು.
ನಾನು ಲಿಡ್ವಿನಳ ಕಡೆ ನೋಡಿದೆ.
ಅವಳು ಬಂಗುಡೆ ಸಾರಿನ ಉಪ್ಪು ನೋಡುತ್ತಿದ್ದಳು.

'ಸಂಬಂಧ' ಎಂಬ ಮುಂದಿನ ಗೆರೆಯ ಕೆಳಗೆ
ಹೆಂಡತಿ, ಮಗ, ಸೊಸೆ, ಅತ್ತೆ,
ಕೊನೆಗೆ ಕೆಲಸದವರು ಅಂತಲೂ ಇತ್ತು.
ಹನ್ನೊಂದು ವರ್ಷದಿಂದ ಒಂದೇ ಕೊಡೆಯಲ್ಲಿ
ಕುಲಶೇಖರದ ಈ ಏರು ಹತ್ತುವವರಿಗೆ
ಅದರಲ್ಲೊಂದು ಶಬ್ದ ಇರಲಿಲ್ಲ.
ಮಾಮ ಬಹಳ ಹೊತ್ತು ಕೆಮ್ಮಿದರು. ಕೆಟ್ಟವರಲ್ಲ.
ಒಂದು ಪುಟದಲ್ಲಿ ಬರೆದರು: ಸೆವ್ರಿನ್ ತಾವ್ರೊ, ಒಬ್ಬಳು.
ಪುಟ ಮಗುಚಿದರು: ಲಿಡ್ವಿನ್ ಕುಟಿನ್ಹೊ, ಒಬ್ಬಳು.
ಒಂದೇ ಬಾಗಿಲು, ಒಂದೇ ಚಿಲಕ, ಕುಟುಂಬ ಎರಡು.
ವಂತಿಗೆಯ ಲಕೋಟೆಯೂ ಎರಡು.

ನನ್ನದು ಹೊಲಿಗೆ ಕೆಲಸ.
ಈ ಇಗರ್ಜಿಯ ಮುಕ್ಕಾಲು ಮದುಮಗಳಂದಿರ ಅಳತೆ
ನನಗೆ ಬಾಯಿಪಾಠ.
ಪೀಠದ ಮುಂದೆ ಊರಿದ್ದಕ್ಕಿಂತ ಹೆಚ್ಚು ಸಲ
ಬಿಳಿ ಸ್ಯಾಟಿನ್ ಅಂಚುಗಳ ಮುಂದೆ ಮಂಡಿ ಊರಿದ್ದೇನೆ,
ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು,
ಮಾತಾಡದಿರಲು ಅದೊಂದು ಒಳ್ಳೆಯ ನೆಪ.
ರೋಸ್‌ನ ದಿನ ತೆಂಗಿನ ಹಾಲು ಹಿಂಡಲು
ನಮ್ಮಿಬ್ಬರನ್ನೇ ಕರೆಯುತ್ತಾರೆ.
ನಿಮ್ಮ ಕೈಗುಣ ಒಳ್ಳೆಯದು ಮಾರಾಯ್ತಿ, ಅನ್ನುತ್ತಾರೆ.
ಒಮ್ಮೆ, ಎಲ್ಲ ಮುಗಿದು ಪಾತ್ರೆ ತೊಳೆಯುವಾಗ
ತಳದಲ್ಲಿ ಉಳಿದದ್ದನ್ನು ಬಳಿದು
ಲಿಡ್ವಿನ್ ನನ್ನ ನೆತ್ತಿಗೆ ಹಚ್ಚಿದಳು.
ನಾನೂ ಹಚ್ಚಿದೆ.
ಯಾರೂ ಶೋಭಾನೆ ಹಾಡಲಿಲ್ಲ.
ಬಾವಿಕಟ್ಟೆಯಲ್ಲಿ ಒಂದು ಬೆಕ್ಕು ಕೂತಿತ್ತು,
ಹಾಲಿನ ಆಸೆಗೆ.

ಪಾಪನಿವೇದನೆಗೆ ನಾನು ಹೋಗುವುದುಂಟು.
ಗಿರಾಕಿಗಳಿಗೆ ಸುಳ್ಳು ತಾರೀಕು ಕೊಟ್ಟದ್ದು,
ಅತ್ತಿಗೆಯ ಬಂಗಾರದ ಮೇಲಿನ ಹೊಟ್ಟೆಕಿಚ್ಚು,
ಎಲ್ಲ ಹೇಳುತ್ತೇನೆ.
ಇನ್ನೇನಾದರೂ? ಅನ್ನುತ್ತದೆ ಜಾಲರಿ.
ಇಲ್ಲ ಫಾದರ್.
ಅದು ಮುಚ್ಚಿಟ್ಟದ್ದಲ್ಲ.
ಅವಳು ಆ ಪಟ್ಟಿಯಲ್ಲಿ ಬರುವುದೇ ಇಲ್ಲ.
ರಾತ್ರಿ ಜಪಸರ ಮುಗಿದ ಮೇಲೆ
ದೇವರಿಗೆ ಉಪಕಾರ ಹೇಳುವುದುಂಟಲ್ಲ,
ಅಲ್ಲಿ ಬರುತ್ತಾಳೆ, ಮೊದಲಿಗೆ.

ಮೊನ್ನೆ ತೆನೆಹಬ್ಬ.
ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಎಸೆದು
ಕಬ್ಬಿಗೆ ಕಾದು ನಿಂತಿದ್ದರು.
ಬಲಿಪೂಜೆ ಮುಗಿದು ತೆನೆಯ ಸಾಲು:
ಕುಟುಂಬಕ್ಕೆ ಒಂದು.
ನನಗೆ ಕೊಟ್ಟು ಮಾರ್ಸೆಲ್ ಮಾಮ
ಲಿಡ್ವಿನಳಿಗೂ ಒಂದು ಚಾಚಿದರು.
ಹಿಂದಿದ್ದ ಹೆಂಗಸು ಕೇಳಿಯೇಬಿಟ್ಟಳು,
ಇವರದ್ದು ಒಂದೇ ಮನೆಯಲ್ಲವಾ?
ಅಷ್ಟು ವರ್ಷದಲ್ಲಿ ಮೊದಲ ಸಲ ಯಾರೋ
ಬಾಯಿ ಬಿಟ್ಟು ಹಾಗೆ ಹೇಳಿದ್ದು,
ಅದೂ ದೂರಿನ ದನಿಯಲ್ಲಿ.
ಮಾಮ ತಲೆ ಎತ್ತಲಿಲ್ಲ.
ಪುಸ್ತಕದಲ್ಲಿ ಎರಡು ಉಂಟು ಬಾಯಿ, ಅಂದರು.

ಮನೆಗೆ ಬಂದು ಎರಡನ್ನೂ ಒಂದೇ ತಟ್ಟೆಗೆ ಸುಲಿದೆವು.
ಯಾವ ಕಾಳು ಯಾರದ್ದೆಂದು
ಆಮೇಲೆ ಫಾದರಿಗೂ ಗೊತ್ತಾಗಲಿಕ್ಕಿಲ್ಲ.
ಪಾಯಸಕ್ಕೆ ಹಾಕಿ,
ಮನೆಯ ಹಿರಿಯರು ಹಂಚಬೇಕು ಎಂಬುದಕ್ಕಾಗಿ
ಅವಳು ಹಂಚಿದಳು, ನಾಲ್ಕು ತಿಂಗಳು ದೊಡ್ಡವಳು.

ಮಧ್ಯಾಹ್ನ ಕಿನ್ನಿಗೋಳಿಯಿಂದ ಅಮ್ಮನ ಫೋನು.
ಅಣ್ಣನ ಮನೆಯ ಗದ್ದಲ, ಮಿಕ್ಸಿ, ಯಾರದೋ ನಗು.
ಪ್ರತಿ ವರ್ಷ ಕೇಳುವುದನ್ನೇ ಕೇಳಿದಳು.
ಉಂಡಿಯಾ ಅಂದಳೋ,
ಉಂಡಿರಾ ಅಂದಳೋ,
ನೆಟ್‌ವರ್ಕ್ ಸರಿ ಇರಲಿಲ್ಲ.
ಮತ್ತೊಮ್ಮೆ ಹೇಳು ಅನ್ನಲು ನನಗೆ ಧೈರ್ಯ ಬರಲಿಲ್ಲ.
ಹೂಂ ಅಮ್ಮ,
ಉಂಡೆವು, ಅಂದೆ.